ಚಾಕಿ ಹುಳುವಿನ ಲೆಕ್ಕದಲ್ಲಿ ಒಂದು ಗಂಟಲು

ಆ ದಿನಗಳಲ್ಲಿ ಬೆಳಿಗ್ಗೆ ಎದ್ದ ತಕ್ಷಣ ನನಗೆ ಮಾತೇ ಬರುತ್ತಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಗಂಟಲಿನೊಳಗೆ ಯಾರೋ ಭತ್ತದ ಹೊಟ್ಟು ಸುರಿದು ಹೋದಂತಿರುತ್ತಿತ್ತು. ಉಗುಳು ನುಂಗೋಣವೆಂದರೆ ನುಂಗಲು ಉಗುಳೇ ಇಲ್ಲ. ಕಾಫಿ ಬೇಕೆಂದು ಹೇಳಬೇಕಾದರೂ ಮೊದಲು ಎರಡು ಲೋಟ ಬಿಸಿನೀರು ಇಳಿಯಬೇಕು. ಹೆಂಡತಿ ನನ್ನ ಮುಖವನ್ನೂ ನೋಡದೆ ಲೋಟವನ್ನು ಜಗಲಿಯ ಮೇಲಿಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಮೂಗಿನ ಎರಡೂ ಪಕ್ಕ ರಾತ್ರಿ ಕಟ್ಟಿಕೊಂಡು ಮಲಗಿದ ಮಾಸ್ಕಿನ ಗೆರೆ ಮೂಡಿಸಿಕೊಂಡು, ಮೂಗನ ಹಾಗೆ ಕೂತು ನಾನು ಆ ನೀರು ಕುಡಿಯುತ್ತಿದ್ದೆ. ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಅರವತ್ತಕ್ಕೆ ಇನ್ನೂ ಮೂರು ವರ್ಷ ಬಾಕಿ ಇರುವವನು ಆಡುವ ಮಾತಲ್ಲ ಅದು, ಆದರೆ ಅಷ್ಟು ಸುಸ್ತಾಗಿತ್ತು.

ನಮ್ಮ ಮನೆ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಚಾಕಿ ಸಾಕುವುದು ನಮ್ಮ ಕಸುಬು. ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಹುಳುವಿಗೆ ಎರಡು ಜ್ವರ ಆಗುವವರೆಗೆ ನಾವೇ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುತ್ತೇವೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂತು, ಪೊರೆ ಕಳಚುವುದನ್ನು ಹಾಗೆನ್ನುತ್ತೇವೆ. ಮೊದಲ ಆ ಎಂಟು ಹತ್ತು ದಿನದ ಮರಿಗಳೇ ಚಾಕಿ ಹುಳು. ಅವಕ್ಕೆ ಬೆಚ್ಚಗಿರಬೇಕು, ಸುತ್ತ ತೇವವಿರಬೇಕು, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಬೇಕು. ದೊಡ್ಡ ಹುಳುವಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವಕ್ಕೆ ಗಾಳಿಯಾಡಬೇಕು, ತೇವ ಕಡಿಮೆ ಇರಬೇಕು. ತೇವ ಹೆಚ್ಚಾದರೆ ಸುಣ್ಣಕಟ್ಟು ಎಂಬ ಬೂಷ್ಟು ರೋಗ ಬಂದು ಹುಳು ಬೆಳ್ಳಗೆ ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ ಸಾಯುತ್ತವೆ.

ಚಾಕಿ ಮನೆಯೊಳಗಿನ ಕೆಲಸವೆಲ್ಲ ಹೆಂಡತಿಯದು. ವ್ಯಾನಿನಲ್ಲಿ ಟ್ರೇಗಳನ್ನು ತುಂಬಿಕೊಂಡು ಊರೂರಿಗೆ ತಲುಪಿಸುವುದು, ರೈತರ ಹುಳುಮನೆ ನೋಡಿ ಬುದ್ಧಿ ಹೇಳುವುದು ನನ್ನದು. ಗೋಡೆಗೆ ತೇವ ತೋರಿಸುವ ಮಾಪಕ ನೇತುಹಾಕಿದ್ದರೂ ಅವಳು ಅದನ್ನು ನಂಬುವವಳಲ್ಲ. ಒಳಗೆ ಹೋಗಿ, ಅಂಗೈಯನ್ನು ಮಗುಚಿ, ಕೈಯ ಹಿಂಬದಿಯನ್ನು ಟ್ರೇಯ ಮೇಲೆ ಒಂದು ಗಳಿಗೆ ಹಿಡಿಯುತ್ತಾಳೆ. ಒಣಗಿದೆ ಅಂದರೆ ಒಣಗಿದೆ. ಆಮೇಲೆ ಮಾಪಕ ನೋಡಿದರೆ ಅದೂ ಹಾಗೇ ಅನ್ನುತ್ತಿರುತ್ತದೆ. ನಮ್ಮಲ್ಲಿ ಹುಳು ತೆಗೆದುಕೊಳ್ಳುವವರು ಇನ್ನೊಂದು ರೂಢಿ ಇಟ್ಟುಕೊಂಡಿದ್ದಾರೆ. ಮೊದಲ ಟ್ರೇಯನ್ನು ನನ್ನ ಹೆಂಡತಿಯೇ ಆ ಮನೆಯ ಹೆಂಗಸಿನ ಕೈಗೆ ಕೊಡಬೇಕು. ಅವಳ ಕೈಗುಣ ಚೆನ್ನಾಗಿದೆ, ಬೆಳೆ ಕೈಕೊಡುವುದಿಲ್ಲ ಎಂದು ಅವರ ನಂಬಿಕೆ. ಹಾಗಾಗಿ ಹುಳು ಸಾಗಿಸುವ ದಿನವೆಲ್ಲ ಅವಳು ನನ್ನ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಮೊದಲ ಟ್ರೇ ಇಟ್ಟುಕೊಂಡು ಕೂತಿರುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ದಾರಿಯುದ್ದಕ್ಕೂ ಒಮ್ಮೆಯೂ ಕಣ್ಣು ಮುಚ್ಚದೆ ರಸ್ತೆಯನ್ನೇ ನೋಡುತ್ತಿರುತ್ತಿದ್ದಳು. ಏನು ನನಗಿಂತ ನೀನೇ ಓಡಿಸುತ್ತಿದ್ದೀಯಲ್ಲ ಎಂದು ನಾನು ರೇಗಿಸುತ್ತಿದ್ದೆ.

ಅವತ್ತು ಹೊನ್ನೂರಿಗೆ ಹೊರಟಿದ್ದೆವು. ಬೆಳಿಗ್ಗೆ ಏಳು ಗಂಟೆ, ಬಿಸಿಲು ಆಗಲೇ ಬಂದಿತ್ತು. ಯಳಂದೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಆಮೆ ಹೋದ ಹಾಗೆ ಹೋಗಿ, ಹೊನ್ನೂರಿನ ರಸ್ತೆಗೆ ತಿರುಗಿ, ಖಾಲಿ ದಾರಿ ಸಿಕ್ಕಿತಲ್ಲ ಅಂದುಕೊಂಡಿದ್ದಷ್ಟೇ ನೆನಪು. ಆಮೇಲೆ ನಾನು ಕಣ್ಣು ಬಿಟ್ಟಾಗ ವ್ಯಾನು ಗದ್ದೆಯೊಳಗಿತ್ತು. ನಿದ್ದೆ ಬರುತ್ತಿದೆ ಅನ್ನಿಸಿಯೂ ಇರಲಿಲ್ಲ. ಪಕ್ಕಕ್ಕೆ ನೋಡಿದರೆ ಹೆಂಡತಿ ಇಲ್ಲ. ಬಾಗಿಲು ತೆರೆದುಕೊಂಡಿತ್ತು. ಅವಳು ಕೆಸರಿನಲ್ಲಿ ಕೂತಿದ್ದಳು. ಬಲಗೈ ಮಣಿಕಟ್ಟು ಸೊಟ್ಟಗಾಗಿ ಮಡಿಲಲ್ಲಿ ಬಿದ್ದಿತ್ತು. ಮಗುಚಿ ಬಿದ್ದ ಟ್ರೇಯಿಂದ ಚೆಲ್ಲಿದ ಹುಳುಗಳನ್ನು ಸೊಪ್ಪಿನ ಚೂರಿನ ಸಮೇತ ಎಡಗೈಯಲ್ಲಿ ಬಾಚಿ ಬಾಚಿ ಟ್ರೇಗೆ ಹಾಕುತ್ತಿದ್ದಳು. ಅಳಲೂ ಇಲ್ಲ, ನನ್ನ ಕಡೆ ತಿರುಗಿ ನೋಡಲೂ ಇಲ್ಲ.

ಗದ್ದೆ ಕೆಲಸದವರು ಓಡಿ ಬಂದರು. ಅವರಲ್ಲಿ ಒಬ್ಬ ನನ್ನ ಬಾಯಿ ಮೂಸಿ ನೋಡಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕುಡಿದಿದ್ದರಾದರೂ ನಾಳೆಯಿಂದ ಬಿಟ್ಟೆ ಅನ್ನಬಹುದಿತ್ತು.

ಕೊಳ್ಳೇಗಾಲದಲ್ಲಿ ಅವಳ ಕೈಗೆ ಪಟ್ಟಿ ಹಾಕುತ್ತಿದ್ದ ಡಾಕ್ಟರು, ಹೇಗಾಯಿತು ಎಂದು ಕೇಳಿದರು. ತೂಕಡಿಕೆ ಬಂತು ಸಾರ್, ರಾತ್ರಿಯೆಲ್ಲ ಚೆನ್ನಾಗಿ ಮಲಗಿದ್ದೆ, ಹೇಗೆ ಬಂತೋ ಗೊತ್ತಿಲ್ಲ ಎಂದೆ. ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದಿದ್ದ ಹೆಂಡತಿ ಆಗ ಬಾಯಿ ಬಿಟ್ಟಳು.

"ಚೆಂದಾಗಿ ಮನಗಲ್ಲ ಸಾ ಇವ್ರು. ಮನಗಿದ್ದಾಗ ಉಸ್ರು ನಿಂತೋಯ್ತದ. ಒಸಿ ಒತ್ತು ಏನೂ ಇರಲ್ಲ. ಆಮೇಲ ಗಕ್ ಅಂತ ಎಳ್ಕತಾರ."

ನಾನು ಅವಳ ಮುಖವನ್ನೇ ನೋಡಿದೆ. ಗೊರಕೆ ಹೊಡೆಯುತ್ತೇನೆಂದು ಗೊತ್ತಿತ್ತು, ಮನೆಗೆ ಬಂದ ನೆಂಟರೂ ನಕ್ಕಿದ್ದರು. ಉಸಿರು ನಿಲ್ಲುತ್ತದೆ ಎಂದು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದಳೋ ಏನೋ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅಲ್ಲಿಂದ ನಮ್ಮನ್ನು ಮೈಸೂರಿನ ನಿದ್ದೆಯ ಡಾಕ್ಟರ ಹತ್ತಿರ ಕಳಿಸಿದರು. ಮೈಗೆಲ್ಲ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಹೀಗೆ ರಾತ್ರಿಯೆಲ್ಲ ಏಳುತ್ತಲೇ ಇರುವುದರಿಂದ ಹಗಲು ಕೂತಲ್ಲಿ ನಿಂತಲ್ಲಿ ನಿದ್ದೆ ಎಳೆಯುತ್ತದೆ ಎಂದು ಬಿಡಿಸಿ ಹೇಳಿದರು. ಅದಕ್ಕೆ ಮದ್ದು ಸಿಪ್ಯಾಪ್ ಎಂಬ ಮೆಷೀನು. ಶೂ ಡಬ್ಬಿಯಷ್ಟು ದೊಡ್ಡದು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಮೂಗಿಗೆ ಕಟ್ಟುವ ಮಾಸ್ಕು. ರಾತ್ರಿಯಿಡೀ ಗಾಳಿ ಒತ್ತಿ ಊದುತ್ತಾ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ನೀರಿನ ಡಬ್ಬಿ, ಅದು ಗಾಳಿಗೆ ತೇವ ಕೊಡಲು. ಎಷ್ಟು ಹೊತ್ತು ಹಾಕಿಕೊಂಡೆ, ಯಾವಾಗ ಕಿತ್ತುಹಾಕಿದೆ ಎಲ್ಲವೂ ಒಳಗಿನ ಕಾರ್ಡಿನಲ್ಲಿ ದಾಖಲಾಗುತ್ತದಂತೆ. ಒಂದು ತಿಂಗಳು ಬಿಟ್ಟು ಆ ಕಾರ್ಡು ತನ್ನಿ, ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಹೆಂಡತಿ ತನ್ನ ತೀರ್ಪು ಹೇಳಿದಳು. "ಡಾಕ್ಟ್ರು ಯಾನಾರ ಯೋಳ್ಲಿ. ನಂಗ ನಂಬ್ಕ ಬರಗಂಟ ನೀವು ಓಡ್ಸೋ ಗಾಡಿಲಿ ನಾ ಕೂರಕಿಲ್ಲ."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು. ಅವಳಿಲ್ಲದೆ ಹುಳು ಯಾರೂ ತೆಗೆದುಕೊಳ್ಳುವುದಿಲ್ಲ, ಸರಿ. ಆದರೆ ನನಗೆ ಚುಚ್ಚಿದ್ದು ಅದಲ್ಲ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತವಳು ನನ್ನನ್ನು ನಂಬುವುದು ಬಿಟ್ಟಿದ್ದಳು. ಅದನ್ನು ವಾಪಸು ಪಡೆಯುವ ದಾರಿ ಆ ಮೆಷೀನೊಂದೇ ಆಗಿತ್ತು.

ಹಾಗಾದರೆ ಶಿಸ್ತಾಗಿ ಹಾಕಿಕೊಂಡು ಮಲಗಬೇಕಿತ್ತಲ್ಲ? ಇಲ್ಲ. ನಾನು ಬುದ್ಧಿವಂತ. ಮೆಷೀನು ಕೊಟ್ಟವನು ತೇವವನ್ನು ನಾಲ್ಕನೇ ನಂಬರಿಗೆ ಇಟ್ಟು ಹೋಗಿದ್ದ. ಎರಡನೇ ದಿನ ಬೆಳಿಗ್ಗೆ ಪೈಪಿನೊಳಗೆ ನೀರಿನ ಹನಿ ಕಂಡಿತು. ಮುಚ್ಚಿದ ಜಾಗ, ಬೆಚ್ಚನೆ ಗಾಳಿ, ಒದ್ದೆ ಪೈಪು. ಬೂಷ್ಟು ಹಿಡಿಯಲು ಇನ್ನೇನು ಬೇಕು? ಇಷ್ಟು ವರ್ಷ ರೈತರ ಹುಳುಮನೆಯಲ್ಲಿ ನಿಂತು, ಕಿಟಕಿ ತೆಗೆಯಿರಿ, ತೇವ ಇಳಿಸಿ, ಇಲ್ಲದಿದ್ದರೆ ಸುಣ್ಣಕಟ್ಟು ಗ್ಯಾರಂಟಿ ಎಂದು ಬೈದವನು ನಾನು. ಈಗ ನನ್ನ ಪುಪ್ಪುಸಕ್ಕೆ ನಾನೇ ಬೂಷ್ಟು ಊದಿಕೊಳ್ಳಲೇ? ಡಬ್ಬಿಯ ನೀರು ಚೆಲ್ಲಿ, ತೇವದ ನಂಬರನ್ನು ಸೊನ್ನೆಗೆ ತಂದೆ. ಯಾರಿಗೂ ಹೇಳಲಿಲ್ಲ. ಹೇಳುವುದೇನು, ನನಗೆ ಗೊತ್ತಿಲ್ಲದ್ದೇ ತೇವದ ವಿಷಯ?

ಅಲ್ಲಿಂದ ಗಂಟಲು ಒಣಗಲು ಶುರುವಾಯಿತು. ಕಣ್ಣು ಮುಚ್ಚಿ ಒಂದು ಗಂಟೆಯಾಗುವಷ್ಟರಲ್ಲಿ ಬಾಯಿ ತೆರೆದುಕೊಳ್ಳುತ್ತಿತ್ತು, ಮೂಗಿಗೆ ಊದಿದ ಗಾಳಿ ಗಂಟಲನ್ನು ಸವರಿಕೊಂಡು ಬಾಯಿಂದ ಸುಯ್ಯೆಂದು ಹೊರಗೆ ಹೋಗುತ್ತಿತ್ತು. ಬೇಸಿಗೆ ಬೇರೆ ಹತ್ತಿರ ಬರುತ್ತಿತ್ತು, ಮುಖಕ್ಕೆ ಟೇಬಲ್ ಫ್ಯಾನು. ನನಗೇ ತಿಳಿಯದಂತೆ ನಿದ್ದೆಗಣ್ಣಿನಲ್ಲಿ ಮಾಸ್ಕು ಕಿತ್ತು ಎಸೆಯುತ್ತಿದ್ದೆ. ಬೆಳಿಗ್ಗೆ ನೋಡಿದರೆ ಅದು ಮಂಚದ ಕೆಳಗೆ ಬಿದ್ದಿರುತ್ತಿತ್ತು. ಹಗಲೆಲ್ಲ ಹಳೇ ನಿದ್ದೆ, ಹಳೇ ತಲೆನೋವು, ಜೊತೆಗೆ ಈ ಹೊಸ ಗಂಟಲು. ಸೊಪ್ಪಿನ ಮೂಟೆ ಇಳಿಸುತ್ತಾ ಮೂಟೆಯ ಮೇಲೇ ನಿದ್ದೆ ಹೋದದ್ದೂ ಉಂಟು.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಕಲ್ಲುಸಕ್ಕರೆ ಚೀಪಿದೆ, ಅತಿಮಧುರ ಅಗಿದೆ, ಮೆಣಸಿನ ಕಷಾಯ ಕುಡಿದೆ. ಮಲಗುವ ಮುಂಚೆ ತಂಬಿಗೆಗಟ್ಟಲೆ ನೀರು ಕುಡಿದು ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋದೆ. ವ್ಯಾನನ್ನು ಆಗ ನನ್ನ ಬಾಮೈದ ಓಡಿಸುತ್ತಿದ್ದ, ಹೆಂಡತಿಯ ತಮ್ಮ. ಹನೂರಿನಲ್ಲಿ ಅಂಗಡಿ ಇಟ್ಟುಕೊಂಡಿರುವವನು, ಅಕ್ಕನಿಗೋಸ್ಕರ ಹುಳು ಸಾಗಿಸುವ ದಿನ ಅಂಗಡಿ ಬಾಗಿಲು ಹಾಕಿ ಬರುತ್ತಿದ್ದ. ಪಟ್ಟಿ ಕಟ್ಟಿದ ಕೈಯನ್ನು ಎದೆಗಿಟ್ಟುಕೊಂಡು, ತೊಡೆಯ ಮೇಲೆ ಟ್ರೇ ಇಟ್ಟುಕೊಂಡು ಅವಳು ಅವನ ಪಕ್ಕ ಕೂರುತ್ತಿದ್ದಳು. ನಾನು ಗೇಟು ಹಾಕಿ ಒಳಗೆ ಬರುತ್ತಿದ್ದೆ. ಅವನು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಓಡಿಸುತ್ತಾನೆ, ಅವನನ್ನು ನಂಬುತ್ತೀಯಲ್ಲ ಎಂದು ಒಂದು ದಿನ ಕೇಳಿಯೇ ಬಿಟ್ಟೆ. ಅವನು ಎಚ್ಚರವಾಗಿರುತ್ತಾನೆ ಎಂದಳು.

ಗಂಟಲು ಹುಣ್ಣಾದಂತೆ ಉರಿಯತೊಡಗಿದ ಮೇಲೆ ನನ್ನ ಬುದ್ಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೈಪಿನೊಳಗೆ ಆಗಲೇ ರೋಗ ಸೇರಿಕೊಂಡಿದೆ, ಅದಕ್ಕೇ ಹೀಗೆ ಎಂದು ತೀರ್ಮಾನ ಮಾಡಿದೆ. ನಮ್ಮ ಕಸುಬಿನಲ್ಲಿ ರೋಗದ ಅನುಮಾನ ಬಂತೆಂದರೆ ಒಂದೇ ದಾರಿ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಇಡುವ ಮುಂಚೆ ಮನೆ, ಟ್ರೇ, ಚಾಕು, ಚಪ್ಪಲಿ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯುವುದು. ಅದನ್ನೇ ಮಾಡಿದೆ. ಒಂದು ಮಧ್ಯಾಹ್ನ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕದಡಿ, ಮಾಸ್ಕು, ಪೈಪು, ನೀರಿನ ಡಬ್ಬಿ ಎಲ್ಲ ಮುಳುಗಿಸಿಟ್ಟು, ಟ್ರೇಗಳ ಪಕ್ಕದಲ್ಲಿ ಬಿಸಿಲಿಗೆ ಸಾಲಾಗಿ ಒಣಹಾಕಿದೆ. ನೋಡಲು ತೃಪ್ತಿಯಾಯಿತು. ಅವತ್ತು ರಾತ್ರಿ ಹಾಕಿಕೊಂಡ ಐದು ನಿಮಿಷಕ್ಕೆ ಎದೆಯೆಲ್ಲ ಉರಿ, ಕಣ್ಣಲ್ಲಿ ನೀರು, ಕೆಮ್ಮಿ ಕೆಮ್ಮಿ ಜೀವ ಹೋಗಿ ಬಂತು. ಹೆಂಡತಿ ಮಾಸ್ಕನ್ನು ಮೂಸಿ ನೋಡಿದಳು. ಏನು ಮಾಡಿದ್ದೇನೆಂದು ಅವಳಿಗೆ ಹೇಳಬೇಕಾಗಲಿಲ್ಲ, ಆ ವಾಸನೆಯಲ್ಲೇ ಬದುಕಿದವಳು. ತಲೆಯ ಮೇಲೆ ಕೈ ಹೊತ್ತು ಕೂತಳು. ಹೊಸ ಮಾಸ್ಕು, ಹೊಸ ಪೈಪು ಬರುವವರೆಗೆ ಮೆಷೀನು ಮೂಲೆಯಲ್ಲಿ ಸುಮ್ಮನೆ ಕೂತಿತ್ತು.

ತಿಂಗಳಾದ ಮೇಲೆ ಕಾರ್ಡು ತೆಗೆದುಕೊಂಡು ಮೈಸೂರಿಗೆ ಹೋದೆವು. ಡಾಕ್ಟರು ಅದನ್ನು ಕಂಪ್ಯೂಟರಿಗೆ ಹಾಕಿ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಒಂದೊಂದು ರಾತ್ರಿಗೆ ಒಂದೊಂದು ಗೀಟು. ಉದ್ದವಿರಬೇಕಾದ ಗೀಟುಗಳೆಲ್ಲ ಮೊಂಡು ಮೊಂಡು, ಕೆಲವು ರಾತ್ರಿ ಗೀಟೇ ಇಲ್ಲ. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಅಪ್ಪನಂತೆ ಹೆಂಡತಿ ಅದನ್ನು ನೋಡಿದಳು. ತೇವ ಎಷ್ಟನೇ ನಂಬರಿನಲ್ಲಿದೆ ಎಂದು ಡಾಕ್ಟರು ಕೇಳಿದರು. ಸೊನ್ನೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ದೊಡ್ಡ ಹುಳುವಿಗೆ ತೇವ ಹೆಚ್ಚಾದರೆ ಏನಾಗುತ್ತದೆ, ಸುಣ್ಣಕಟ್ಟು ಹೇಗೆ ಹರಡುತ್ತದೆ ಎಂದು ಡಾಕ್ಟರಿಗೇ ಪಾಠ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಪುಣ್ಯಾತ್ಮರು. ಅವರ ಕಣ್ಣ ಕೆಳಗೂ ಕಪ್ಪಾಗಿತ್ತು, ಅವರಿಗೂ ನಿದ್ದೆ ಕಡಿಮೆಯೇನೋ. ಬೂಷ್ಟಿನ ಭಯ ತಪ್ಪಲ್ಲ, ಅದಕ್ಕೆ ದಿನಾ ಡಬ್ಬಿಯ ಹಳೇ ನೀರು ಚೆಲ್ಲಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಹೊಸದಾಗಿ ಡಿಸ್ಟಿಲ್ಡ್ ವಾಟರ್ ಹಾಕಿದರೆ ಸಾಕು ಎಂದರು. ಬ್ಲೀಚಿಂಗ್ ಪೌಡರ್ ಹತ್ತಿರ ಕೂಡ ಸುಳಿಯಬಾರದು ಎಂದರು. ಒಣಗಾಳಿಯನ್ನು ರಾತ್ರಿಯಿಡೀ ಒತ್ತಿ ಊದಿದರೆ ಯಾವ ಗಂಟಲೂ ತಡೆಯುವುದಿಲ್ಲ, ಬಾಯಿ ಬೇರೆ ತೆರೆದುಕೊಳ್ಳುತ್ತಿದೆ ಎಂದು ಹೇಳಿ, ಗದ್ದಕ್ಕೆ ಒಂದು ಪಟ್ಟಿ ಕಟ್ಟಿಕೊಂಡು ನೋಡಿ, ಅದರಲ್ಲೂ ಆಗದಿದ್ದರೆ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕು ನೋಡೋಣ ಎಂದರು. ಓಡಿಸುವ ಮಾತು ನಾನು ಎತ್ತಲಿಲ್ಲ. ಎತ್ತುವ ಮುಖ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನರಸೀಪುರದ ಸೇತುವೆ ದಾಟುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ದೊಡ್ ಉಳದ್ ಲೆಕ್ಕ ಆಕಂಡು ಒಣಗಸ್ಬುಟ್ರಿ ಕಣ್ರಿ. ಈ ಮಿಷಿನ್ ಗಾಳಿಗ ನೀವಿನ್ನೂ ಚಾಕಿ. ಚಾಕಿಗ ಯಾರಾರ ಒಣಗಾಳಿ ಬುಟ್ಟಾರ?"

ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಒಂದು ತಿಂಗಳು ಒದ್ದಾಡಿದ್ದು ಇಷ್ಟಕ್ಕೇ ಅಲ್ಲವೇ. ಸೊಪ್ಪಿಗೂ ಹುಳುವಿಗೂ ತಿಳಿಯುವ ಮಾತು ನನಗೆ ತಿಳಿಯಲಿಲ್ಲ.

ಅವತ್ತಿನಿಂದ ನನ್ನ ಗಂಟಲು ಅವಳ ವಶಕ್ಕೆ ಹೋಯಿತು. ಚಾಕಿ ಮನೆಯ ಗೋಡೆಯಿಂದ ಮಾಪಕ ಬಿಚ್ಚಿ ತಂದು ನನ್ನ ಮಂಚದ ತಲೆಯ ಕಡೆ ನೇತುಹಾಕಿದಳು. ಅವಳಿಗೆ ಅದು ಬೇಡ, ನನ್ನ ಬಾಯಿ ಮುಚ್ಚಿಸಲು ಬೇಕಿತ್ತು. ಡಬ್ಬಿಗೆ ಗೀಟಿನವರೆಗೆ ನೀರು ಹಾಕಿದಳು. ತೇವವನ್ನು ಒಂದೇ ಸಲಕ್ಕೆ ಏರಿಸಲಿಲ್ಲ. ಮರಿಗೆ ಮೇವು ಹೆಚ್ಚಿಸುವ ಹಾಗೆ ಎರಡು ದಿನಕ್ಕೆ ಒಂದು ನಂಬರು ಏರಿಸುತ್ತಾ ಹೋದಳು. ಐದಕ್ಕೆ ಬಂದಾಗ ಪೈಪಿನೊಳಗೆ ನೀರು ಸೇರಿಕೊಂಡು ಗುಳುಗುಳು ಸದ್ದು ಮಾಡಿತು, ಮೂಗಿಗೆ ತಣ್ಣನೆಯ ಹನಿ ಬಿತ್ತು. ನೋಡಿದೆಯಾ ಎಂದು ನಾನು ಹಾರಾಡಿದೆ. ಅವಳು ತನ್ನ ಹಳೇ ನೂಲಿನ ಸೀರೆ ಹರಿದು, ಪೈಪಿಗೆ ಉದ್ದಕ್ಕೂ ಸುತ್ತಿ ಹೊಲಿದಳು. ಬಲಗೈಗೆ ಇನ್ನೂ ಬಲ ಬಂದಿರಲಿಲ್ಲ, ಸೂಜಿಯನ್ನು ಎಡಗೈಯಲ್ಲಿ ಹಿಡಿದು ಎರಡು ಮಧ್ಯಾಹ್ನ ಹೊಲಿದಳು. ಪೈಪು ತಣ್ಣಗಾದರೆ ತಾನೇ ಹನಿ ಕಟ್ಟುವುದು. ಮೆಷೀನನ್ನು ಮಂಚಕ್ಕಿಂತ ತಗ್ಗಿನ ಸ್ಟೂಲಿನ ಮೇಲೆ ಇಟ್ಟಳು, ಹನಿ ಕಟ್ಟಿದರೂ ನನ್ನ ಮೂಗಿನ ಕಡೆ ಬಾರದೆ ಡಬ್ಬಿಯ ಕಡೆಗೇ ಇಳಿಯಲಿ ಎಂದು. ನನ್ನ ಮುಖಕ್ಕೆ ನೇರ ಬೀಸುತ್ತಿದ್ದ ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿದಳು. ಮಲಗಿದ ಮೇಲೆ ಮಾಸ್ಕಿನ ಹತ್ತಿರ ಕೈಯ ಹಿಂಬದಿ ಹಿಡಿದು ನೋಡಿ, ಸರಿಯಾಗಿದೆ ಎಂದೋ ಇಲ್ಲ ಎಂದೋ ತಲೆಯಾಡಿಸಿ ಹೋಗುತ್ತಿದ್ದಳು.

ಗಂಟಲು ಅರ್ಧಕ್ಕರ್ಧ ಹಗುರವಾಯಿತು. ಬಾಕಿ ಉಳಿದದ್ದು ಬಾಯಿ. ಡಾಕ್ಟರು ಕೊಡಿಸಿದ ಗದ್ದದ ಪಟ್ಟಿ ಬಿಳಿ ಬಟ್ಟೆಯದು. ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಬಿಗಿಯಬೇಕು. ಹೇಗೆ ಕಟ್ಟುವುದೋ ನನಗೆ ತಿಳಿಯದೆ, ಸ್ವಲ್ಪ ಕಟ್ಟಿಕೊಡು ಎಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ನಿಂತೇ ಇದ್ದಳು. ಆಮೇಲೆ ಮಂಚದ ಮೇಲೆ ಎಸೆದಳು.

"ನಾ ಕಟ್ಟಕಿಲ್ಲ. ಅದ ಯಾರ್ಗ ಕಟ್ತಾರ ಅಂತ ನಿಮ್ಗ ಗೊತ್ತಿಲ್ವಾ?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಉಸಿರು ಹೋದ ಮೇಲೆ ಮೊದಲು ಮಾಡುವ ಕೆಲಸ ಅದು. ಬಾಯಿ ತೆರೆದುಕೊಳ್ಳಬಾರದೆಂದು ಬಿಳಿ ಬಟ್ಟೆಯಿಂದ ಗದ್ದ ಎಳೆದು ನೆತ್ತಿಗೆ ಕಟ್ಟುತ್ತಾರೆ. ಅವಳ ಅಪ್ಪನಿಗೆ ಅವಳೇ ಕಟ್ಟಿದ್ದಳು. ಇದು ಆಸ್ಪತ್ರೆಯ ಸಾಮಾನು, ಇದರಲ್ಲೇನಿದೆ ಎಂದು ನಾನು ಅನ್ನುವಷ್ಟರಲ್ಲಿ ಅವಳು ಅಳಲು ಶುರುಮಾಡಿದಳು. ಗದ್ದೆಯ ಕೆಸರಿನಲ್ಲಿ ಕೂತಾಗ ಅಳದವಳು.

"ದಿನಾ ಮೂಗ್ಗ ಕೈ ಇಡ್ದು ನೋಡ್ತಿದ್ದೆ ನಾನು. ಬತ್ತದ, ಇಲ್ಲ. ಬತ್ತದ, ಇಲ್ಲ. ಇವತ್ತು ಓಗೇಬುಟ್ರು ಅಂತ ಎಷ್ಟ್ ದಿಸ ಎದ್ ಕೂತಿದ್ದೀನಿ. ಬೆಳಿಗ್ಗ ಎದ್ದು ಕಾಪಿ ಕೇಳಾದೊಂದೇ ನಿಮ್ಗ ಗೊತ್ತು."

ಮದುವೆಯಾಗಿ ಮೂವತ್ತು ವರ್ಷದ ಮೇಲಾಗಿತ್ತು. ಗೊರಕೆ ಶುರುವಾದದ್ದು ಯಾವಾಗಲೋ ನನಗೆ ನೆನಪಿಲ್ಲ, ಅವಳಿಗಿದೆ. ಮೆಷೀನು ಬಂದಾಗಿನಿಂದ ನಾನು ನಿದ್ದೆ ಇಲ್ಲ, ನಿದ್ದೆ ಇಲ್ಲ ಎಂದು ಊರೆಲ್ಲ ಗೋಳಾಡಿಕೊಂಡು ತಿರುಗುತ್ತಿದ್ದೆ. ಅವಳ ನಿದ್ದೆಯನ್ನು ಯಾರೂ ಕೇಳಿರಲಿಲ್ಲ, ಮೊದಲು ನಾನೇ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ತಪ್ಪಾಯಿತು ಅನ್ನಬೇಕೆಂದುಕೊಂಡೆ, ಗಂಟಲು ಕಟ್ಟಿತು. ಈ ಸಲ ಒಣಗಿ ಅಲ್ಲ.

ಮಾರನೇ ದಿನ ಅವಳು ಟ್ರಂಕು ತೆಗೆದು, ರವಿಕೆ ಹೊಲಿಸಿ ಉಳಿದಿದ್ದ ಕೆಂಪು ರೇಷ್ಮೆ ತುಂಡು ಹುಡುಕಿದಳು. ಒಂದು ಅಂಚಿಗೆ ಸಣ್ಣ ಜರಿ ಇತ್ತು. ಆ ಬಿಳಿ ಪಟ್ಟಿಯ ಅಳತೆಗೆ ಕತ್ತರಿಸಿ, ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿದಳು. ಸಂಜೆ ನನ್ನನ್ನು ಕೂರಿಸಿ, ಎಡಗೈಯಲ್ಲಿ ಎಳೆದು, ಬಲಗೈಯ ಬೆರಳುಗಳಲ್ಲಿ ಹಿಡಿದು, ನೆತ್ತಿಯ ಮೇಲೆ ತಾನೇ ಕಟ್ಟಿದಳು. ಬಿಳಿಯದಾದರೆ ಆಗದು, ಕೆಂಪಾದರೆ ಅಡ್ಡಿಯಿಲ್ಲವಂತೆ. ಕನ್ನಡಿಯಲ್ಲಿ ನೋಡಿಕೊಂಡೆ. ಮೂಗಿಗೆ ಪೈಪು, ತಲೆಗೆ ಜರಿ. ಬಾಸಿಂಗ ಕಟ್ಟಿಕೊಂಡು ಯಾವುದೋ ತಪ್ಪು ಮದುವೆಗೆ ಹೊರಟ ಮದುಮಗನಂತಿದ್ದೆ. ಬಾಮೈದ ನೋಡಿ ನಗು ತಡೆಯಲಾರದೆ ಹೊರಗೆ ಓಡಿದ. ನಗಲಿ ಬಿಡು. ಅವತ್ತು ಮಾಸ್ಕು ಮಂಚದ ಕೆಳಗೆ ಬೀಳಲಿಲ್ಲ.

ಇನ್ನೂ ಒಂದು ತಿಂಗಳು ಹೀಗೆ ಕಳೆಯಿತು. ಎಲ್ಲ ದಿನವೂ ಚೆನ್ನಾಗಿತ್ತು ಎಂದರೆ ಸುಳ್ಳು. ಕರೆಂಟು ಹೋದಾಗ ಉಸಿರು ಕಟ್ಟಿ ಎದ್ದೆ. ನೆಗಡಿ ಬಂದು ಮೂರು ದಿನ ಮಾಸ್ಕು ಹಾಕಲಾಗಲಿಲ್ಲ. ಕೆನ್ನೆಯ ಚರ್ಮ ಕೆಂಪಾಯಿತು. ಇದನ್ನು ಸಾಯುವವರೆಗೆ ಕಟ್ಟಿಕೊಂಡಿರಬೇಕಲ್ಲ ಎಂದು ಯೋಚಿಸಿದಾಗೆಲ್ಲ ಕಿತ್ತೆಸೆಯಬೇಕು ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಬೆಳಿಗ್ಗೆ ಎದ್ದ ತಕ್ಷಣ ಮಾತು ಬರತೊಡಗಿತು. ಮಧ್ಯಾಹ್ನ ಸೊಪ್ಪಿನ ಮೂಟೆ ನೋಡಿದರೆ ಮೂಟೆಯಾಗಿಯೇ ಕಾಣುತ್ತಿತ್ತು, ದಿಂಬಾಗಿ ಅಲ್ಲ.

ಎರಡನೇ ಸಲ ಕಾರ್ಡು ಹಾಕಿದಾಗ ಗೀಟುಗಳು ಉದ್ದವಾಗಿದ್ದವು. ನೆಗಡಿಯ ಮೂರು ದಿನ ಮಾತ್ರ ಖಾಲಿ. ಹಗಲು ನಿದ್ದೆ ಬರುತ್ತದೆಯೇ ಎಂದು ಡಾಕ್ಟರು ನನ್ನನ್ನು ಕೇಳಿದರು, ನಂಬದೆ ಹೆಂಡತಿಯನ್ನೂ ಕೇಳಿದರು. ಇನ್ನು ಓಡಿಸಬಹುದು, ಆದರೆ ಒಂದು ರಾತ್ರಿ ಮೆಷೀನು ತಪ್ಪಿದರೂ ಮಾರನೇ ದಿನ ವ್ಯಾನು ಮುಟ್ಟಬೇಡಿ ಎಂದು ಬರೆದುಕೊಟ್ಟರು. ಆ ಕಾಗದವನ್ನು ನಾನು ಜೇಬಿನಲ್ಲಿ ನಾಲ್ಕು ಸಲ ಮುಟ್ಟಿ ನೋಡಿಕೊಂಡೆ. ಹೆಂಡತಿ ಅದನ್ನು ಕೇಳಲೂ ಇಲ್ಲ, ನೋಡಲೂ ಇಲ್ಲ. ಮನೆಗೆ ಬಂದ ಮೇಲೂ ಆ ಮಾತೆತ್ತಲಿಲ್ಲ. ಮುಂದಿನ ಸಲ ಹುಳು ಸಾಗಿಸಲು ತಮ್ಮನಿಗೇ ಫೋನು ಮಾಡಿ ಬರಹೇಳಿದಳು.

ಆ ದಿನ ಹೊನ್ನೂರಿಗೇ ಹೋಗಬೇಕಿತ್ತು, 'ಎರಡನೇ ಜ್ವರ'ಕ್ಕೆ ಕೂತ ಹುಳುಗಳನ್ನು ಬಿಸಿಲೇರುವ ಮುಂಚೆ ತಲುಪಿಸಬೇಕು. ಬಾಮೈದ ಟ್ರೇಗಳನ್ನು ತುಂಬಿ, ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ನಾನು ಎಂದಿನಂತೆ ಗೇಟಿನ ಹತ್ತಿರ ನಿಂತಿದ್ದೆ. ಅವಳು ಮೊದಲ ಟ್ರೇ ಎತ್ತಿಕೊಂಡು ಬಂದವಳು ವ್ಯಾನಿನ ಕಡೆ ಹೋಗದೆ ನನ್ನ ಮುಂದೆ ನಿಂತಳು.

ಬಾಯಿ ತೆಗೆಯಿರಿ ಎಂದಳು. ನಾನು ಗೇಟಿನಲ್ಲಿ ನಿಂತು, ಬಾಮೈದನ ಎದುರಿಗೆ, ಡಾಕ್ಟರ ಮುಂದೆ ತೆಗೆದ ಹಾಗೆ ಬಾಯಿ ತೆಗೆದೆ. ಅವಳು ಸೊಪ್ಪಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡುವಂತೆ ನನ್ನ ನಾಲಿಗೆ ನೋಡಿದಳು, ಆಮೇಲೆ ಕಣ್ಣು ನೋಡಿದಳು. ಮುಖದ ಮೇಲೆ ನಗುವೂ ಇಲ್ಲ, ಏನೂ ಇಲ್ಲ. ತಮ್ಮನ ಕಡೆ ತಿರುಗಿ, ಕೀಲಿ ನಿಮ್ಮ ಬಾವನಿಗೆ ಕೊಡು ಎಂದಳು. ಹೋಗಿ ಮುಂದಿನ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಟ್ರೇ ಇಟ್ಟುಕೊಂಡಳು.

ಕೀಲಿ ತಿರುಗಿಸಿ ವ್ಯಾನನ್ನು ರಸ್ತೆಗಿಳಿಸಿದೆ. ಯಳಂದೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು, ಹಿಂದಿಕ್ಕುವ ಗೋಜಿಗೆ ಹೋಗದೆ ಹಿಂದೆ ಹಿಂದೆಯೇ ಹೋದೆ. ಹೊನ್ನೂರಿನ ರಸ್ತೆಗೆ ತಿರುಗಿದ ಮೇಲೆ ನನ್ನ ಬೆನ್ನು ನೆಟ್ಟಗಾಯಿತು. ಆ ಗದ್ದೆ ಬರುತ್ತಿತ್ತು. ಬದುವಿನ ಮೇಲೆ ನಮ್ಮ ಗಾಲಿ ಹರಿದ ಜಾಗದಲ್ಲಿ ಹೊಸ ಮಣ್ಣು ಹಾಕಿದ್ದರು. ಅವಳು ಅದನ್ನು ನೋಡುತ್ತಾಳೆ, ಏನಾದರೂ ಅನ್ನುತ್ತಾಳೆ, ಅಂದ ಕೂಡಲೇ ನಾನೂ ಇವತ್ತು ಆ ತಪ್ಪಾಯಿತೆಂಬ ಮಾತು ಹೇಳಿಬಿಡಬೇಕು ಎಂದು ಕಾದೆ. ಗದ್ದೆ ಹಿಂದಾದ ಮೇಲೆ ಧೈರ್ಯ ಮಾಡಿ ಪಕ್ಕಕ್ಕೆ ನೋಡಿದೆ.

ಅವಳು ನಿದ್ದೆ ಹೋಗಿದ್ದಳು. ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು, ಎರಡೂ ಕೈ ಟ್ರೇಯನ್ನು ಹಿಡಿದುಕೊಂಡೇ ಇದ್ದವು. ಇಷ್ಟು ವರ್ಷದಲ್ಲಿ ಈ ವ್ಯಾನಿನಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಅಲ್ಲಿಂದ ಹೊನ್ನೂರಿನವರೆಗೆ ಒಂದು ಗುಂಡಿಯನ್ನೂ ಬಿಡದೆ ತಪ್ಪಿಸುತ್ತಾ, ಎತ್ತಿನ ಗಾಡಿಗಿಂತ ನಿಧಾನವಾಗಿ ಹೋದೆ.

ಹುಳು ತೆಗೆದುಕೊಳ್ಳುವ ಮನೆಯ ಮುಂದೆ ತೆಂಗಿನ ಮರದ ನೆರಳಿನಲ್ಲಿ ವ್ಯಾನು ನಿಲ್ಲಿಸಿದೆ. ಆ ಮನೆಯ ಹೆಂಗಸು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ನಾವು ಇಳಿಯದ್ದನ್ನು ನೋಡಿ ವ್ಯಾನಿನ ಹತ್ತಿರವೇ ಬಂದು, ಯಾಕಣ್ಣ ಇಲ್ಲೇ ಕೂತಿರಿ, ಬಿಸಿಲು ಏರುತ್ತಿದೆ, ಅಕ್ಕನನ್ನು ಎಬ್ಬಿಸಿ ಎಂದಳು.

"ಒಸಿ ತಾಳವ್ವ," ಎಂದೆ. "ಮನಗವ್ಳ."

ಆ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿ, ತಟ್ಟೆ ಹಿಡಿದುಕೊಂಡೇ ಜಗಲಿಯ ಮೇಲೆ ಕೂತಳು. ನಾನು ಎಂಜಿನ್ ಆರಿಸಿದೆ. ಅಂಗೈಯನ್ನು ಮಗುಚಿ, ಕೈಯ ಹಿಂಬದಿಯನ್ನು ಹೆಂಡತಿಯ ಮೂಗಿನ ಹತ್ತಿರ ಹಿಡಿದೆ. ಉಸಿರು ಬೆಚ್ಚಗೆ, ತೇವವಾಗಿ ತಾಗಿತು. ಹೋಯಿತು. ಮತ್ತೆ ಬಂತು. ನಾನು ಕೈ ತೆಗೆಯಲಿಲ್ಲ.